ಎರಡು ಕಿಲೋ ಮರಿ, ಒಂದು ಲೋಟ ನೀರು

(ಗಂಗಾವತಿಯ ಒಂದು ಶಾಲೆಯಲ್ಲಿ ಭಾನುವಾರ ಬೆಳಿಗ್ಗೆ ನಾಯಿ ಸಾಕುವವರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೇಳುಗರ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ದನದ ಡಾಕ್ಟರು. ನೌಕರಿಯ ಹೆಚ್ಚಿನ ಕಾಲ ಎಮ್ಮೆ, ಆಕಳು, ಕುರಿ, ಆಡುಗಳ ಹಿಂದೆಯೇ ಕಳೆಯಿತು. ನಾಯಿಮರಿಗಳ ಹೊಟ್ಟೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಕಾಲೇಜಿನಲ್ಲಿ ಕಲಿತದ್ದು. ಇನ್ನರ್ಧ ನನ್ನ ಮನೆಯಲ್ಲೇ ಆದ ಒಂದು ತಪ್ಪಿನಿಂದ ಕಲಿತದ್ದು. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮಗಳು ಆಗ ಎಂಟನೇ ಕ್ಲಾಸು. ನೆಂಟರೊಬ್ಬರು ಮುಧೋಳದ ಕಡೆಯಿಂದ ಒಂದು ಕುನ್ನಿ ತಂದುಕೊಟ್ಟರು. ರಟ್ಟಿನ ಡಬ್ಬದಲ್ಲಿ ಇಟ್ಟು, ಬಸ್ಸಿನಲ್ಲಿ. ಸುಮಾರು 40 ದಿನದ ಮರಿ. ನಾಲ್ಕು ದಿನ ಮನೆ ತುಂಬ ಓಡಾಡಿತು, ನನ್ನ ಚಪ್ಪಲಿ ಕಡಿಯಿತು. ಐದನೇ ದಿನ ಬೆಳಿಗ್ಗೆ ಹಾಲು-ರೊಟ್ಟಿ ಮೂಸಿ ನೋಡಿ ಹಾಗೇ ಬಿಟ್ಟಿತು. ಮಗಳು ಬಂದು, "ಅಪ್ಪಾ, ಇದು ಯಾಕೋ ಮಂಕಾಗೇತಿ" ಅಂದಳು. ನಾನು ಕರು ಹಾಕಲು ಒದ್ದಾಡುತ್ತಿದ್ದ ಒಂದು ಎಮ್ಮೆ ನೋಡಲು ಹೊರಟಿದ್ದೆ. ಗಾಡಿ ಸ್ಟಾರ್ಟ್ ಮಾಡುತ್ತಲೇ, "ಜಾಗ ಬದಲಾಗೇತಲ್ಲ, ಅದಕ್ಕ. ನಾಳೆ ನೋಡೋಣು" ಅಂದೆ.

ಅವತ್ತು ರಾತ್ರಿ ಮೂರು ಸಲ ಬಿಳಿ ನೊರೆ ಕಾರಿತು. ಬೆಳಗಿನ ಜಾವ ರಕ್ತ ಬೆರೆತ ಭೇದಿ. ಆ ನಾತವನ್ನು ಒಂದು ಸಲ ಕಂಡವರು ಮರೆಯುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮರಿ ಇಲ್ಲ. ಮೊದಲ ಊಟ ಬಿಟ್ಟಾಗಿನಿಂದ ಲೆಕ್ಕ ಹಾಕಿದರೆ ಒಂದೂವರೆ ದಿನವೂ ಆಗಿರಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಅಂದರೆ, ನಾನು ಕುನ್ನಿಯನ್ನು ಎಮ್ಮೆಯ ಗಡಿಯಾರದಲ್ಲಿ ಅಳೆದಿದ್ದೆ. ದೊಡ್ಡ ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ನಾಳೆಯವರೆಗೆ ನೋಡಬಹುದು. ಅದರ ಮೈಯಲ್ಲಿ ನೀರಿದೆ, ಕೊಬ್ಬಿದೆ, ಹೊಟ್ಟೆಯಲ್ಲಿ ನಿನ್ನೆಯ ಮೇವಿದೆ. ಮರಿಗೆ ಏನಿದೆ? ಲೆಕ್ಕ ಹಾಕಿ ನೋಡಿ. ಎರಡು ಕಿಲೋ ತೂಕದ ಮರಿ. ನಾಲ್ಕು ಸಲ ಭೇದಿ, ಮೂರು ಸಲ ವಾಂತಿ ಆಯಿತು, ಒಟ್ಟು ಒಂದು ಲೋಟದಷ್ಟು ನೀರು ಹೋಯಿತು ಅನ್ನಿ, 200 ಮಿಲಿ. ನೆಲ ಒರೆಸುವಾಗ ನಮಗೆ ಅದು ಜಾಸ್ತಿ ಅನ್ನಿಸುವುದೇ ಇಲ್ಲ. ಆದರೆ ಅದು ಅದರ ತೂಕದ ಹತ್ತನೇ ಒಂದು ಪಾಲು. 60 ಕಿಲೋ ಮನುಷ್ಯನ ಮೈಯಿಂದ ಒಂದು ರಾತ್ರಿಯಲ್ಲಿ ಆರು ಲೀಟರ್ ನೀರು ಹೋದ ಹಾಗೆ. ಅಷ್ಟು ಹೋದರೆ ನಾವು ನಾಳೆ ನೋಡೋಣ ಅಂತ ಮಲಗುತ್ತೇವಾ?

ಸಕ್ಕರೆಯ ಕಥೆಯೂ ಇದೇ. ಮರಿಯ ಪಿತ್ತಜನಕಾಂಗ, ಅಂದರೆ ಲಿವರ್ರು, ಇನ್ನೂ ಸಣ್ಣದು. ಅದರಲ್ಲಿ ಕೂಡಿಟ್ಟ ಸಕ್ಕರೆ ತೀರಾ ಕಡಿಮೆ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೆ ನಡುಗುತ್ತದೆ, ತೂರಾಡುತ್ತದೆ, ಫಿಟ್ಸ್ ಕೂಡ ಬರಬಹುದು. ಅಂಥ ಹೊತ್ತಿನಲ್ಲಿ ವಸಡಿಗೆ ಸ್ವಲ್ಪ ಜೇನುತುಪ್ಪ ಇಲ್ಲವೇ ಸಕ್ಕರೆ ಪಾಕ ಸವರಿ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ. ನಮ್ಮ ಹಿರಿಯರು "ಲಂಘನಂ ಪರಮೌಷಧಂ" ಅನ್ನುತ್ತಾರೆ, ಅಲ್ವಾ? ಬೆಳೆದ ನಾಯಿಗೆ ಹೊಟ್ಟೆ ಕೆಟ್ಟಾಗ ಅರ್ಧ ದಿನ ಉಪವಾಸ ನಡೆಯುತ್ತದೆ. ಎಳೆ ಮರಿಗೆ ಆ ಔಷಧ ಬೇಡ.

ಇನ್ನು ಮರಿಯನ್ನು ನೋಡುವುದು ಹೇಗೆ? ಎಲ್ಲರೂ ಮೊದಲು ಹೇಲು ನೋಡುತ್ತಾರೆ. ನೋಡಿ, ನಾಚಿಕೆ ಏನೂ ಬೇಡ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬನ್ನಿ, ಡಾಕ್ಟರಿಗೆ ಬಹಳ ಉಪಯೋಗ. ಒಂದು ಸಣ್ಣ ಡಬ್ಬಿಯಲ್ಲಿ ತಂದರೆ ಇನ್ನೂ ಒಳ್ಳೆಯದು. ಲೋಳೆ ಲೋಳೆಯಾಗಿ, ತುದಿಯಲ್ಲಿ ಕೆಂಪು ರಕ್ತದ ಗೆರೆ ಇದ್ದರೆ ತೊಂದರೆ ಹೆಚ್ಚಾಗಿ ದೊಡ್ಡ ಕರುಳಿನದು. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿದ್ದರೆ ಮೇಲೆ ಎಲ್ಲೋ ರಕ್ತ ಸೋರಿ ಜೀರ್ಣವಾಗಿ ಬಂದಿದೆ ಅಂತ ಅರ್ಥ. ನೀರಿನಂತೆ ಇದ್ದು, ರಕ್ತ ಬೆರೆತು, ಕೊಳೆತ ನಾತ ಬಂದರೆ ಒಂದು ನಿಮಿಷವೂ ಕಾಯಬೇಡಿ.

ಆದರೆ ನನ್ನ ಮಾತು ಕೇಳುವುದಾದರೆ ಹೇಲಿಗಿಂತ ಮೊದಲು ಮರಿಯ ಮುಖ ನೋಡಿ. ಎರಡು ಸಲ ತೆಳ್ಳಗೆ ಹೋಗಿಯೂ ನಿಮ್ಮ ಲುಂಗಿ ಹಿಡಿದು ಎಳೆಯುವ ಮರಿ ಬೇರೆ. ಒಂದೇ ಸಲ ಹೋಗಿ ಮೂಲೆಯಲ್ಲಿ ಮುದುಡಿ ಕೂತ ಮರಿ ಬೇರೆ. ಎರಡನೆಯದಕ್ಕೆ ನಾನು ಹೆದರುತ್ತೇನೆ.

ಮುಖ ಆದ ಮೇಲೆ ಬಾಯಿ. ಮೇಲ್ತುಟಿ ಎತ್ತಿ ವಸಡು ಮುಟ್ಟಿ. ಒದ್ದೆಯಾಗಿ ಜಾರಬೇಕು. ಬೆರಳಿಗೆ ಅಂಟಿದರೆ ನೀರು ಕಡಿಮೆಯಾಗಿದೆ. ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನ ಒಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ತಡವಾದರೆ ರಕ್ತದ ಓಟ ಕುಗ್ಗಿದೆ. ಕೆಲವು ನಾಯಿಗಳ ವಸಡೇ ಕಪ್ಪು, ಅವುಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಬೆನ್ನಿನ ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ನಿಮಗೆಲ್ಲ ಗೊತ್ತು. ಅದು ದೊಡ್ಡ ನಾಯಿಗೆ ಸರಿ, ತೀರಾ ಎಳೆಯ ಮರಿಯಲ್ಲಿ ಮೋಸ ಮಾಡುತ್ತದೆ.

ಇವತ್ತೇ ನಿಮ್ಮ ಮರಿಯ ವಸಡು ಮುಟ್ಟಿ ನೋಡಿಕೊಳ್ಳಿ, ಅದು ಆರಾಮಾಗಿ ಇರುವಾಗಲೇ. ಚೆನ್ನಾಗಿದ್ದಾಗ ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಕೆಟ್ಟಾಗ ತಿಳಿಯುವುದಿಲ್ಲ.

ಜ್ವರದ ಬಗ್ಗೆ ಒಬ್ಬರು ಅಕ್ಕ ಕೇಳಿದರು. ನಾಯಿಯ ಮೈ ನಮಗಿಂತ ಬಿಸಿ. 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಮೂಗು ಒಣಗಿದೆ, ಬಿಸಿ ಇದೆ ಅನ್ನುವುದನ್ನು ಬಿಟ್ಟುಬಿಡಿ, ನಮ್ಮ ಬೇಸಿಗೆಯಲ್ಲಿ ಯಾರ ಮೂಗು ಒಣಗುವುದಿಲ್ಲ ಹೇಳಿ! ಭೇದಿ ಆಗುತ್ತಿರುವ ಎರಡು ತಿಂಗಳ ಮರಿಯ ಮೈ 99ಕ್ಕಿಂತ ಕೆಳಗೆ ಇಳಿದು, ಕಿವಿ-ಪಾದ ತಣ್ಣಗಾದರೆ ಅದು ಜ್ವರಕ್ಕಿಂತ ಕೆಟ್ಟದ್ದು.

ಈಗ ಪಾರ್ವೋ. ನನ್ನ ಮನೆಯ ಮರಿಯನ್ನು ಕೊಂದದ್ದು ಅದೇ. ಹಳೆಯ ಕಾಯಿಲೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ನಾಯಿಗಳಲ್ಲಿ ಇದನ್ನು ಗುರುತಿಸಿದ್ದು 1978ರಲ್ಲಿ. ಒಂದೆರಡು ವರ್ಷದಲ್ಲೇ ಜಗತ್ತೆಲ್ಲ ಸುತ್ತಿತು. ಹೆಚ್ಚಾಗಿ ಆರು ವಾರದಿಂದ ಆರು ತಿಂಗಳ ಮರಿಗಳನ್ನು ಹಿಡಿಯುತ್ತದೆ. ಬೇಗ ಬೇಗ ಬೆಳೆಯುವ ಜೀವಕೋಶಗಳೇ ಈ ವೈರಸ್ಸಿನ ಗುರಿ. ಕರುಳಿನ ಒಳಪದರ ಹಾಗೂ ಮೂಳೆಯ ಮಜ್ಜೆ ಎರಡೂ ಹಾಗೆ ಬೆಳೆಯುವಂಥವು. ಕರುಳಿನ ಒಳಗೋಡೆ ಸುಲಿದುಹೋಗುತ್ತದೆ. ಅದೇ ಹೊತ್ತಿಗೆ ರಕ್ತದ ಬಿಳಿಕಣ ಕುಸಿಯುತ್ತದೆ. ಗೋಡೆ ಬಿದ್ದ ಮನೆಗೆ ಕಾವಲುಗಾರನೂ ಇಲ್ಲ, ಕರುಳಿನ ಬ್ಯಾಕ್ಟೀರಿಯಾ ಸೀದಾ ರಕ್ತಕ್ಕೆ ನುಗ್ಗುತ್ತದೆ.

ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ. ನಮ್ಮ ಮರಿ ಐದನೇ ದಿನ ಮಂಕಾಯಿತು ಅಂದೆನಲ್ಲ, ಅದು ಬಂದ ಜಾಗದಿಂದಲೋ ದಾರಿಯಿಂದಲೋ ಹೊತ್ತು ತಂದಿತ್ತು. ಹೊಸ ಮರಿ ತಂದ ಮೊದಲ ವಾರ ಊಟ ಬಿಟ್ಟರೆ "ಜಾಗ ಬದಲಾಗೇತಿ" ಅನ್ನಬೇಡಿ, ಮೊದಲು ಪಾರ್ವೋ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೇಲಿನ ಮಾದರಿ ತೆಗೆದು ಕೆಲವೇ ನಿಮಿಷದಲ್ಲಿ ನೋಡುವ ಕಿಟ್ ಬಂದಿದೆ. ಇನ್ನೊಂದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ಕೇಂದ್ರ ನಿಯಮವೇ ಇದೆ. ನಮ್ಮಲ್ಲಿ ಮೂವತ್ತು ದಿನಕ್ಕೇ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ.

ವೈರಸ್ಸನ್ನು ಕೊಲ್ಲುವ ಔಷಧ ಸಿಗುತ್ತದೆ ಅಂತ ಕಾಯಬೇಡಿ. ಚಿಕಿತ್ಸೆ ಅಂದರೆ ಹೋದ ನೀರನ್ನು ಸಲೈನ್ ಮೂಲಕ ತುಂಬುವುದು, ವಾಂತಿ ನಿಲ್ಲಿಸುವುದು, ಒಳಗೆ ನುಗ್ಗಿದ ಬ್ಯಾಕ್ಟೀರಿಯಾಕ್ಕೆ ಇಂಜೆಕ್ಷನ್, ಸಕ್ಕರೆ ಬೀಳದಂತೆ ಕಾಯುವುದು. ಕರುಳು ತನ್ನ ಗೋಡೆ ತಾನೇ ಕಟ್ಟಿಕೊಳ್ಳುವವರೆಗೆ ಮರಿಯನ್ನು ಉಳಿಸಿಕೊಂಡರೆ ಸಾಕು. ಬೇಗ ತಂದು ಸರಿಯಾಗಿ ನೋಡಿಕೊಂಡವುಗಳಲ್ಲಿ ಹೆಚ್ಚಿನವು ಬದುಕುತ್ತವೆ. ಸುಮ್ನೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಹೋಗಬಹುದು.

ನನ್ನ ಎರಡನೇ ತಪ್ಪನ್ನೂ ಹೇಳಿಬಿಡುತ್ತೇನೆ. ಮರಿ ಸತ್ತ ಮೇಲೆ ಅಂಗಳವನ್ನೆಲ್ಲ ಫಿನಾಯಿಲ್ ಹಾಕಿ ತೊಳೆದೆ. ಮೂರು ತಿಂಗಳು ಬಿಟ್ಟು ಇನ್ನೊಂದು ಮರಿ ತಂದೆವು. ಡಾಕ್ಟರ ಮನೆ, ಫಿನಾಯಿಲ್ ವಾಸನೆ ಘಂ ಅನ್ನುತ್ತಿತ್ತು. ಆದರೆ ಪಾರ್ವೋ ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಬದುಕುತ್ತದೆ. ಚಪ್ಪಲಿಗೆ ಅಂಟಿ ಮನೆಯಿಂದ ಮನೆಗೆ ಹೋಗುತ್ತದೆ. ಅದಕ್ಕೆ ಬೇಕಾದದ್ದು ಬ್ಲೀಚ್. ಮೊದಲು ಹೇಲು, ಕೊಳೆ ಎಲ್ಲ ತೊಳೆದು ತೆಗೆಯಬೇಕು, ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಅಲ್ಲೇ ಹೋಗುತ್ತದೆ. ಆಮೇಲೆ ಬಾಟಲಿಯಲ್ಲಿ ಸಿಗುವ ಬ್ಲೀಚ್ ಒಂದು ಭಾಗಕ್ಕೆ 30 ಭಾಗ ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಿ. ಕಕ್ಕಸು ತೊಳೆಯುವ ಆಸಿಡ್ ಜೊತೆ ಮಾತ್ರ ಬ್ಲೀಚ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಮಣ್ಣಿನ ಅಂಗಳವನ್ನು ಪೂರ್ತಿ ಶುದ್ಧ ಮಾಡುವುದು ಆಗದ ಮಾತು. ಅಂಥ ಮನೆಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ.

ಆ ಎರಡನೇ ಮರಿಗೂ ಬಂತು. ಈ ಸಲ ಒಂದು ಊಟ ಬಿಟ್ಟ ಅರ್ಧ ಗಂಟೆಯಲ್ಲಿ ಮಗಳೇ ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ನನ್ನ ಹತ್ತಿರ ಬರಲಿಲ್ಲ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಐದು ದಿನ ಸಲೈನ್. ಹನ್ನೊಂದು ವರ್ಷ ಬದುಕಿತು ಅದು.

ಲಸಿಕೆಯ ಬಗ್ಗೆ ಒಬ್ಬರು ಅಣ್ಣ ಸಿಟ್ಟಿನಲ್ಲೇ ಕೇಳಿದರು: "ಒಂದು ಇಂಜೆಕ್ಷನ್ ಹಾಕ್ಸಿದ್ವಿರಿ, ಆದ್ರೂ ಪಾರ್ವೋ ಬಂತು. ಮತ್ತ ಮೂರ್‍ಮೂರು ಸಲ ಯಾಕ್ರಿ?" ನ್ಯಾಯವಾದ ಪ್ರಶ್ನೆ. ಎಮ್ಮೆ ಈದಾಗ ಕರುವಿಗೆ ಗಿಣ್ಣದ ಹಾಲು ಯಾಕೆ ಕುಡಿಸುತ್ತೀರಿ? ರೋಗ ತಡೆಯುವ ಶಕ್ತಿ ಅದರಲ್ಲಿದೆ. ನಾಯಿಗೂ ಹಾಗೇ, ಹುಟ್ಟಿದ ಮೊದಲ ದಿನದ ಹಾಲಿನಲ್ಲಿ ತಾಯಿಯ ರಕ್ಷಣೆ ಮರಿಗೆ ಬರುತ್ತದೆ. ತೊಂದರೆ ಏನೆಂದರೆ, ಆ ರಕ್ಷಣೆ ಇರುವವರೆಗೆ ಲಸಿಕೆಯನ್ನೂ ಶತ್ರು ಅಂತ ಹೊಡೆದು ಹಾಕುತ್ತದೆ. ಅದು ಯಾವಾಗ ಇಳಿಯುತ್ತದೆ? ಒಂದು ಮರಿಗೆ ಎಂಟು ವಾರಕ್ಕೆ, ಇನ್ನೊಂದಕ್ಕೆ ಹದಿನಾಲ್ಕಕ್ಕೆ. ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ ಹಾಕುವುದು. ಆಮೇಲೆ ವರ್ಷಕ್ಕೆ ಒಂದು. ಮೊದಲನೆಯದು ಹಾಕಿಸಿ ಬೀದಿಗೆ ಬಿಟ್ಟರೆ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ಲಸಿಕೆ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ಅದನ್ನು ಅಂಗಡಿಯಿಂದ ಜೇಬಿನಲ್ಲಿ ಹಾಕಿಕೊಂಡು ಬಿಸಿಲಲ್ಲಿ ಬೈಕ್ ಮೇಲೆ ತಂದರೆ ಒಳಗೆ ಉಳಿಯುವುದು ಬರೀ ನೀರು. ಐಸ್ ಇಟ್ಟ ಡಬ್ಬದಲ್ಲಿ ತನ್ನಿ.

ಜಂತುಹುಳಕ್ಕೆ ಬರೋಣ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ದುಂಡುಹುಳ ಮರಿಗೆ ತಾಯಿಯ ಗರ್ಭದಲ್ಲೇ ಬರುತ್ತದೆ. ತಾಯಿಯ ಮೈಯಲ್ಲಿ ಸುಮ್ಮನೆ ಮಲಗಿದ್ದ ಮರಿಹುಳಗಳು ಬಸುರಾದಾಗ ಎದ್ದು ಮರಿಗಳಿಗೆ ದಾಟುತ್ತವೆ, ಹಾಲಿನಲ್ಲೂ ಬರುತ್ತವೆ. ಆದ್ದರಿಂದ "ನಮ್ಮ ಮರಿ ಮಣ್ಣೇ ಮುಟ್ಟಿಲ್ರಿ" ಅನ್ನುವ ಮಾತು ಲೆಕ್ಕಕ್ಕಿಲ್ಲ. ಹೊಟ್ಟೆ ಗಡಿಗೆಯಂತೆ ಉಬ್ಬಿ, ಬೆನ್ನೆಲುಬು ಕಾಣುತ್ತಿದ್ದರೆ ಅದು ಚೆನ್ನಾಗಿ ಉಂಡ ಮರಿಯಲ್ಲ. ಕೊಕ್ಕೆಹುಳ ಇನ್ನೂ ಕೆಟ್ಟದ್ದು, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ವಸಡು ಬಿಳಿಚಿಕೊಂಡು ಹೇಲು ಕಪ್ಪಾದರೆ ಅದರ ಗುಮಾನಿ ಇರಲಿ. ಜಂತಿನ ಔಷಧ ಎರಡನೇ ವಾರಕ್ಕೆ ಶುರುವಾಗಬೇಕು, ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಜೊತೆಯಲ್ಲೇ ಕೊಡಿ. ಪ್ರಮಾಣ ತೂಕದ ಮೇಲೆ ಇರುತ್ತದೆ, ಕಣ್ಣಂದಾಜಿನಲ್ಲಿ ಅಲ್ಲ. ಹೊಗೆಸೊಪ್ಪಿನ ನೀರು ಕುಡಿಸಿ ಹುಳ ಬೀಳಿಸುತ್ತೇವೆ ಅಂದವರನ್ನು ಕಂಡಿದ್ದೇನೆ. ಹುಳದ ಜೊತೆ ಮರಿಯೂ ಬಿದ್ದಿತ್ತು.

ಜಂತಿನ ಔಷಧ ಕೊಟ್ಟರೂ ಭೇದಿ ನಿಲ್ಲದಿದ್ದರೆ ಕಾಕ್ಸಿಡಿಯಾ, ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳಿರಬಹುದು. ಹೇಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು, ಅವುಗಳ ಔಷಧ ಬೇರೆ. ಒಂದು ಮಾತು ಮನೆಯಲ್ಲಿ ಮಕ್ಕಳಿರುವವರಿಗೆ: ನಾಯಿಯ ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ಮಕ್ಕಳ ಹೊಟ್ಟೆ ಸೇರಿದರೆ ಲಿವರ್, ಕಣ್ಣಿಗೆ ತೊಂದರೆ ಮಾಡಬಲ್ಲದು. ಹೇಲನ್ನು ದಿನಾ ತೆಗೆಯಿರಿ, ಕೈ ತೊಳೆಸಿ.

ಎಲ್ಲ ಭೇದಿಯೂ ಇಷ್ಟು ಭಯದ್ದಲ್ಲ. ಬಹಳಷ್ಟು ಸಲ ತಪ್ಪು ನಮ್ಮ ತಟ್ಟೆಯದು. ನಮ್ಮ ಕಡೆ ನಾಯಿ ಊಟ ಅಂದರೆ ಹಾಲು-ರೊಟ್ಟಿ. ನಾಯಿಯ ಹಾಲಿನಲ್ಲಿ ಆಕಳ ಹಾಲಿಗಿಂತ ಕೊಬ್ಬು, ಪ್ರೋಟೀನ್ ಎರಡೂ ಸುಮಾರು ಎರಡು ಪಟ್ಟು, ಹಾಲಿನ ಸಕ್ಕರೆ ಮಾತ್ರ ಕಡಿಮೆ. ಆಕಳ ಹಾಲನ್ನು ಬಟ್ಟಲು ತುಂಬ ಹಾಕಿದರೆ ಆ ಸಕ್ಕರೆ ಅರಗದೆ ಭೇದಿ. ಭೇದಿ ಆಯಿತು ಅಂತ ನೀರು ಬೆರೆಸಿದರೆ ಮರಿಗೆ ಸಿಗುವ ಶಕ್ತಿಯೂ ಅರ್ಧ. ತಾಯಿಯಿಲ್ಲದ ಎಳೆ ಮರಿಗೆ ನಾಯಿಮರಿಗೆಂದೇ ಬರುವ ಹಾಲಿನ ಪುಡಿ ಬೇಕು. ಮೈ ತಣ್ಣಗಿರುವ ಎಳೆ ಮರಿಗೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಕರುಳು ಓಡುವುದಿಲ್ಲ, ಕುಡಿದದ್ದು ಒಳಗೇ ಕೊಳೆಯುತ್ತದೆ.

ಇನ್ನು ಸಂಜೆ ಹೊತ್ತು. ನಾವು ವಗ್ಗರಣಿ ಮಿರ್ಚಿ ತಿನ್ನುತ್ತಾ ಕೂತಿರುತ್ತೇವೆ, ಹುಡುಗರು ಒಂದು ತುಂಡು ಮಿರ್ಚಿ ಮರಿಗೂ ಎಸೆಯುತ್ತಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅದರ ರಕ್ತಕ್ಕೆ ಆಗದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಆಗದು. ಚಾಕೊಲೇಟ್ ಬೇಡವೇ ಬೇಡ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಮೆಕ್ಕೆಜೋಳದ ದಿಂಡು, ಮಾವಿನ ಗೊರಟ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಮೇಲೆ ವಾಂತಿ, ಹೇಲು ಮಾತ್ರ ಇಲ್ಲ, ಹೊಟ್ಟೆ ಮುಟ್ಟಿದರೆ ಅಳುತ್ತದೆ ಅಂದರೆ ಅದು ಆಪರೇಷನ್ ಕೇಸು.

ನಮ್ಮದು ಭತ್ತದ ಸೀಮೆ. ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಗದ್ದೆಯ ನೀರು ಕುಡಿದು, ಇಲ್ಲವೇ ಇಲಿ ಪಾಷಾಣ ಇಟ್ಟ ಮಂಡಕ್ಕಿ ತಿಂದು ಬಂದ ಮರಿಗೂ ವಾಂತಿ-ಭೇದಿಯೇ ಕಾಣುತ್ತದೆ. ಜೊಲ್ಲು ಧಾರೆಯಾಗಿ ಸುರಿದು, ಮೈ ನರ ಅದುರುತ್ತಿದ್ದರೆ ವಿಷ ಅಂತ ತಿಳಿಯಿರಿ. ಔಷಧದ ಡಬ್ಬಿಯನ್ನೇ ತನ್ನಿ, ಹೆಸರು ಹೇಳಿದರೆ ಸಾಲದು. ಆದರೆ ಜೊಲ್ಲು ಸುರಿಸುತ್ತಾ ನುಂಗಲು ಆಗದ, ನಡತೆ ಬದಲಾದ ಮರಿಯ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗ ಮರಿಗೂ ಬರುತ್ತದೆ.

ಮನೆಯಲ್ಲಿ ನೋಡಿಕೊಳ್ಳಬಹುದಾದ ಮರಿ ಯಾವುದು? ಮೂರು ತಿಂಗಳು ದಾಟಿದ, ಲಸಿಕೆ ಆದ, ರಕ್ತ ಇಲ್ಲದ, ವಾಂತಿ ಇಲ್ಲದ, ಆಡುತ್ತಿರುವ ಮರಿ. ಅದಕ್ಕೆ ಮೆತ್ತಗೆ ಬೇಯಿಸಿದ ಅನ್ನ, ಮೂಳೆ ತೆಗೆದ ಬೇಯಿಸಿದ ಕೋಳಿ. ಉಪ್ಪು, ಖಾರ, ಎಣ್ಣೆ ಬೇಡ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಹತ್ತು-ಹದಿನೈದು ನಿಮಿಷಕ್ಕೆ ಒಂದು ಚಮಚ, ಅದಾಗಿ ನೆಕ್ಕಿದರೆ ಒಳ್ಳೆಯದು. ಒಂದು ದಿನದಲ್ಲಿ ಸುಧಾರಿಸಲಿಲ್ಲ ಅಂದರೆ ಆಸ್ಪತ್ರೆ. ಅದಕ್ಕಿಂತ ಸಣ್ಣ ಮರಿ, ಲಸಿಕೆ ಆಗದ ಮರಿ, ವಾಂತಿ-ಭೇದಿ ಎರಡೂ ಇರುವ ಮರಿ ಆದರೆ ಸೀದಾ ಆಸ್ಪತ್ರೆ. ನಮ್ಮ ಭೇದಿ ಮಾತ್ರೆ, ನಮ್ಮ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಡಾಕ್ಟರು ಯಾರೂ ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ, ನಮ್ಮ ಓಣ್ಯಾಗ ಬೀದಿ ನಾಯಿ ಆರು ಮರಿ ಹಾಕೇತ್ರಿ. ಇಪ್ಪತ್ತು ದಿನ ಆತು. ಹೊಟ್ಟಿ ಉಬ್ಬ್ಯಾವ್ರಿ. ಏನ್ ಕೊಡ್ಲಿ?"

"ಜಂತಿನ ಔಷಧ ಕೊಡಬೇಕಪ್ಪಾ. ತೂಕ ಎಷ್ಟು ಅದಾವು?"

"ಗೊತ್ತಿಲ್ರಿ. ನಮ್ಮ ಅಂಗಡ್ಯಾಗ ತಕ್ಕಡಿ ಐತ್ರಿ."

ಪಕ್ಕದಲ್ಲಿದ್ದ ಅವನ ತಾಯಿ ಅವನ ತೋಳು ಹಿಡಿದು ಎಳೆದರು. "ಬ್ಯಾಳಿ ತೂಗೋ ತಕ್ಕಡಿ ಮ್ಯಾಲೆ ನಾಯಿ ಇಡ್ತಿಯೇನಲೇ?"

ಎಲ್ಲರೂ ನಕ್ಕರು. ನಾನು ಹೇಳಿದೆ: "ಅಕ್ಕಾ, ಒಂದು ಹಳೇ ಬುಟ್ಟಿಯಲ್ಲಿ ಮರಿ ಇಟ್ಟು ತೂಗಲಿ. ಬುಟ್ಟಿಯ ತೂಕ ಕಳೆದರೆ ಆಯಿತು. ತಕ್ಕಡಿ ಕೆಳಗೆ ಪೇಪರ್ ಹಾಸಿ, ಆಮೇಲೆ ಒರೆಸಿಬಿಡಿ. ಹತ್ತಿರ ಹೋದಾಗ ತಾಯಿ ನಾಯಿ ಗುರ್ ಅಂದರೆ ಮಾತ್ರ ಅವನನ್ನು ಒಬ್ಬನೇ ಬಿಡಬೇಡಿ."

ಸೋಮವಾರ ಬೆಳಿಗ್ಗೆ ಹುಡುಗ ಚೀಟಿ ಹಿಡಿದುಕೊಂಡು ಬಂದ. ಆರು ತೂಕ, ಗ್ರಾಮಿನಲ್ಲಿ. ಆರನೆಯದು ಉಳಿದವುಗಳ ಅರ್ಧದಷ್ಟೂ ಇರಲಿಲ್ಲ. ಅದನ್ನು ಮೊದಲು ತಾ ಅಂತ ಕಳಿಸಿದೆ.